ಕಡಲಾಳದ ಛಾಯಾಗ್ರಹಣ ಮತ್ತು ದೇಹಧರ್ಮ

ಮೆಹದಿಪಟ್ಟಣಂನ ಬಸ್ ನಿಲ್ದಾಣದಲ್ಲಿ ಸಂಜೆಯ ಹೊತ್ತು ನಿಂತವರಿಗೆ ಸಮುದ್ರದ ನೆನಪಾಗುವುದು ಕಷ್ಟ. ಒಂದು ಕಡೆ ರೈತು ಬಜಾರಿನ ಗದ್ದಲ, ಇನ್ನೊಂದು ಕಡೆ ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಗೆ ಹೋಗಿಬರುವವರ ದಟ್ಟಣೆ, ಇವೆರಡರ ಮೇಲೆ ವಾಹನಗಳ ಹೊಗೆ. ಹೈದರಾಬಾದು ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿ, ದಖನ್ ಪ್ರಸ್ಥಭೂಮಿಯ ಬಂಡೆಗಳ ನಡುವೆ ನೆಲೆಸಿರುವ ನಗರ. ಅತ್ಯಂತ ಸಮೀಪದ ಕಡಲತೀರವೂ ರಸ್ತೆಯ ದಾರಿಯಲ್ಲಿ 300 ಕಿಲೋಮೀಟರಿಗೆ ಮಿಕ್ಕಿದ ದೂರದಲ್ಲಿದೆ. ಇಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರು ಬೀದರ, ಕಲಬುರಗಿ, ರಾಯಚೂರಿನ ಕಡೆಯವರು. ಈಜು ಬಲ್ಲವರಾದರೂ ಊರ ಬಾವಿಯಲ್ಲೋ ಕೆರೆಯಲ್ಲೋ ಕಲಿತವರು.

ಆದರೂ ಇಂದು ರಜೆಯಲ್ಲಿ ಮುರುಡೇಶ್ವರಕ್ಕೋ ಗೋವಾಕ್ಕೋ ಅಂಡಮಾನಿಗೋ ಹೋದ ಕುಟುಂಬಗಳು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿಯುವುದು ಅಪರೂಪವಲ್ಲ. ಹಲವರಿಗೆ ಅದು ಅರ್ಧ ಗಂಟೆಯ ಮೋಜು. ಕೆಲವರಿಗೆ ಮಾತ್ರ ಆ ಅರ್ಧ ಗಂಟೆ ಜೀವಮಾನವಿಡೀ ಬಿಡದ ಗೀಳಾಗುತ್ತದೆ. ಎರಡನೆಯ ವರ್ಷ ತರಬೇತಿ, ಮೂರನೆಯ ವರ್ಷ ನೀರು ಹೊಗದ ಕ್ಯಾಮೆರಾ, ಆ ಬಳಿಕ ಪ್ರತಿ ಚಳಿಗಾಲವೂ ಕಡಲಿನ ಕಡೆಗೇ ಪಯಣ. ಇಂಥ ಹವ್ಯಾಸ ಹೇಗೆ ಹುಟ್ಟುತ್ತದೆ, ನೀರಿನಾಳದಲ್ಲಿ ದೇಹದೊಳಗೆ ಏನಾಗುತ್ತದೆ, ಹವ್ಯಾಸವೂ ಹವ್ಯಾಸಿಯೂ ದೀರ್ಘಕಾಲ ಬಾಳಬೇಕಾದರೆ ಪಾಲಿಸಬೇಕಾದ ನಿಯಮಗಳಾವುವು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಆಕಸ್ಮಿಕದಿಂದ ಹುಟ್ಟಿದ ಆಸಕ್ತಿ

ಈ ಕ್ಷೇತ್ರದ ಇತಿಹಾಸವನ್ನು ನೋಡಿದರೆ, ಕಡಲಾಳದ ಆಕರ್ಷಣೆ ಬಹುಮಟ್ಟಿಗೆ ಆಕಸ್ಮಿಕವಾಗಿ ಹುಟ್ಟಿದ್ದೆಂಬುದು ಕಂಡುಬರುತ್ತದೆ. ಫ್ರಾನ್ಸಿನ ಪ್ರಾಣಿವಿಜ್ಞಾನಿ ಲೂಯಿ ಬೂತಾನ್ ಸಮುದ್ರಜೀವಿಗಳ ಅಧ್ಯಯನಕ್ಕೆಂದು ನೀರಿಗಿಳಿದವರು. ಕಂಡದ್ದನ್ನು ಮಾತಿನಲ್ಲಿ ವರ್ಣಿಸಲಾಗದೆ, ಸಹೋದರನ ನೆರವಿನಿಂದ ನೀರು ಹೊಗದ ಪೆಟ್ಟಿಗೆಯೊಳಗೆ ಕ್ಯಾಮೆರಾ ಇರಿಸಿ, 1893ರಲ್ಲಿ ಮೆಡಿಟರೇನಿಯನ್ ತೀರದ ಬಾನ್ಯೂಲ್ಸ್ ಎಂಬಲ್ಲಿ ಸಮುದ್ರದೊಳಗಿನ ಚಿತ್ರಗಳನ್ನು ತೆಗೆದರು. ಝಾಕ್ ಕೂಸ್ಟೋ ವೈಮಾನಿಕನಾಗಬೇಕೆಂದಿದ್ದ ನೌಕಾಪಡೆಯ ಅಧಿಕಾರಿ. 1936ರಲ್ಲಿ ನಡೆದ ಮೋಟಾರು ಅಪಘಾತದಲ್ಲಿ ಅವರ ತೋಳುಗಳು ಜಖಂಗೊಂಡವು. ಹಾರಾಟದ ಕನಸು ಅಲ್ಲಿಗೆ ಮುಗಿಯಿತು. ತೋಳುಗಳಿಗೆ ಶಕ್ತಿ ಮರಳಲೆಂದು ಸಮುದ್ರದಲ್ಲಿ ಈಜತೊಡಗಿದ ಅವರು, ಗೆಳೆಯ ಕೊಟ್ಟ ನೀರುಗನ್ನಡಕವನ್ನು ಧರಿಸಿ ಮೊದಲ ಬಾರಿ ನೀರೊಳಗೆ ಕಣ್ತೆರೆದರು. 1943ರಲ್ಲಿ ಎಂಜಿನಿಯರ್ ಎಮಿಲ್ ಗಾನ್ಯಾನ್ ಅವರೊಡಗೂಡಿ ಉಸಿರೆಳೆದಾಗ ಮಾತ್ರ ಗಾಳಿ ಕೊಡುವ ಕವಾಟವುಳ್ಳ ‘ಆಕ್ವಾಲಂಗ್’ ಉಪಕರಣವನ್ನು ಅವರು ರೂಪಿಸಿದರು. ಇಂದಿನ ಸ್ಕೂಬಾ ಸಾಧನಗಳಿಗೆಲ್ಲ ಮಾದರಿ ಅದೇ.

ಕನ್ನಡಿಗರಿಗೆ ಇನ್ನೂ ಹತ್ತಿರದ ನಿದರ್ಶನ ಡಾ. ಎಸ್. ಆರ್. ರಾವ್, ಅರ್ಥಾತ್ ಶಿಕಾರಿಪುರ ರಂಗನಾಥ ರಾವ್ ಅವರದು. 1922ರಲ್ಲಿ ಜನಿಸಿದ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಪುರಾತತ್ತ್ವ ಇಲಾಖೆ ಸೇರಿ, ಗುಜರಾತಿನ ಲೋಥಲ್ ಉತ್ಖನನದಿಂದ ಹೆಸರಾದರು. ಅಲ್ಲಿ ದೊರೆತ ಇಟ್ಟಿಗೆಯ ಕಟ್ಟೆಯನ್ನು ಪ್ರಾಚೀನ ಹಡಗುಕಟ್ಟೆಯೆಂದು ಅವರು ಗುರುತಿಸಿದರು. ನೆಲವನ್ನು ಅಗೆಯುತ್ತಲೇ ವೃತ್ತಿಜೀವನ ಕಳೆದ ಈ ವಿದ್ವಾಂಸರು, ಇತರರು ಪಿಂಚಣಿ ಪಡೆದು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಕಡಲಿನ ಕಡೆಗೆ ತಿರುಗಿದರು. 1981ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ತ್ವದ ಕೇಂದ್ರವನ್ನು ಕಟ್ಟಿದರು. 1983ರಿಂದ ದ್ವಾರಕೆ ಮತ್ತು ಬೇಟ್ ದ್ವಾರಕೆಯ ಸಮುದ್ರದಲ್ಲಿ ಅವರ ನೇತೃತ್ವದ ತಂಡ ಮುಳುಗಿ ಶೋಧಿಸಿತು. ತೂತುಗಳುಳ್ಳ ಕಲ್ಲಿನ ಲಂಗರುಗಳೂ ಕಟ್ಟಡದ ಕಲ್ಲುಗಳೂ ಬೆಳಕಿಗೆ ಬಂದವು. ಅವುಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಭಾರತದಲ್ಲಿ ಕಡಲಾಳದ ಪುರಾತತ್ತ್ವಕ್ಕೆ ಅಸ್ತಿಭಾರ ಹಾಕಿದವರು ಅರುವತ್ತರ ಹೊಸ್ತಿಲಲ್ಲಿದ್ದ ಒಬ್ಬ ಕನ್ನಡಿಗರೆಂಬುದು ನಿರ್ವಿವಾದ. 2013ರಲ್ಲಿ ನಿಧನರಾಗುವವರೆಗೂ ಅವರ ಹೆಸರು ಆ ಸಮುದ್ರದೊಡನೆ ಬೆಸೆದುಕೊಂಡೇ ಇತ್ತು.

ಕರ್ನಾಟಕದ ಕಡಲಿನಲ್ಲಿಯೂ ಇಂಥ ಆಸಕ್ತಿಗೆ ಅವಕಾಶವಿದೆ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ತೀರದಿಂದ ದೋಣಿಯಲ್ಲಿ ಹೋದರೆ, ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ದ್ವೀಪ ಸಿಗುತ್ತದೆ. ಜನವಸತಿಯಿಲ್ಲದ ಈ ಕಡಿದಾದ ದ್ವೀಪದ ಸುತ್ತ ಬಂಡೆ, ಹವಳ, ಗಿಳಿಮೀನು, ಚಿಟ್ಟೆಮೀನುಗಳ ಲೋಕವೇ ಇದೆ. ಪುನೀತ್ ರಾಜಕುಮಾರ್ ಅವರು ಅಗಲಿದ ಮರುವರ್ಷ, 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಅವರು ಈ ನೀರಿನಲ್ಲಿ ಮುಳುಗಿದ ದೃಶ್ಯಗಳನ್ನು ನೋಡಿದ ಕನ್ನಡಿಗರಲ್ಲಿ ಅನೇಕರಿಗೆ ತಮ್ಮ ನಾಡಿಗೆ ಇಂಥದೊಂದು ಭಾಗವುಂಟೆಂಬುದು ಆಗಲೇ ತಿಳಿಯಿತು.

ಕಣ್ಣು ಮತ್ತು ಕ್ಯಾಮೆರಾ

ಮೆಹದಿಪಟ್ಟಣಂನಲ್ಲಿರುವ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆಯ ಹೆಸರು ನಗರದ ಕನ್ನಡಿಗರಿಗೆಲ್ಲ ಪರಿಚಿತ. ನೀರೊಳಗೆ ಬರಿಗಣ್ಣಿಗೆ ಎಲ್ಲವೂ ಮಸುಕಾಗಿ ಕಾಣುವುದೇಕೆಂಬ ಪ್ರಶ್ನೆಗೂ ಉತ್ತರ ನೇತ್ರವಿಜ್ಞಾನದಲ್ಲಿಯೇ ಇದೆ. ಬೆಳಕನ್ನು ಬಾಗಿಸಿ ಬಿಂಬ ಮೂಡಿಸುವ ಕಣ್ಣಿನ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾಕ್ಕೆ ಸೇರಿದ್ದು. ಗಾಳಿಯಿಂದ ಕಾರ್ನಿಯಾದೊಳಕ್ಕೆ ಹೋಗುವಾಗ ಬೆಳಕು ಚೆನ್ನಾಗಿ ಬಾಗುತ್ತದೆ. ನೀರಿನಿಂದ ಕಾರ್ನಿಯಾದೊಳಕ್ಕೆ ಹೋಗುವಾಗಲಾದರೋ ಎರಡೂ ಮಾಧ್ಯಮಗಳ ಗುಣ ಬಹುತೇಕ ಒಂದೇ ಆದುದರಿಂದ ಬೆಳಕು ಬಾಗುವುದೇ ಇಲ್ಲ. ಮುಖಕ್ಕೆ ಗಾಜಿನ ಮಾಸ್ಕ್ ಧರಿಸಿ ಕಣ್ಣಿನ ಮುಂದೆ ಸ್ವಲ್ಪ ಗಾಳಿಯನ್ನು ಉಳಿಸಿಕೊಂಡರೆ ದೃಷ್ಟಿ ಮರಳುತ್ತದೆ. ಆದರೆ ವಸ್ತುಗಳು ಇರುವುದಕ್ಕಿಂತ ಕಾಲುಭಾಗ ಹತ್ತಿರವಾಗಿ, ಮೂರನೆಯ ಒಂದು ಪಾಲು ದೊಡ್ಡದಾಗಿ ತೋರುತ್ತವೆ. ಮಾಸ್ಕ್ ಮೂಗನ್ನೂ ಮುಚ್ಚಿರಬೇಕು. ಆಳಕ್ಕಿಳಿದಂತೆ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಒಳಗಿನ ಒತ್ತಡವನ್ನು ಸರಿದೂಗಿಸದಿದ್ದರೆ ಕಣ್ಣಿನ ಸೂಕ್ಷ್ಮ ರಕ್ತನಾಳಗಳು ಒಡೆಯುತ್ತವೆ. ಈಜುಕೊಳದ ಕನ್ನಡಕ ಇಲ್ಲಿಗೆ ಸಲ್ಲದಿರುವುದು ಈ ಕಾರಣದಿಂದಲೇ. ಚಾಳೀಸು ಬಂದವರಿಗೆ ಅವರವರ ನಂಬರಿನ ಗಾಜು ಕೂರಿಸಿದ ಮಾಸ್ಕ್ ದೊರೆಯುತ್ತದೆ.

ನೀರು ಬಣ್ಣಗಳನ್ನು ಒಂದೊಂದಾಗಿ ನುಂಗುತ್ತದೆ. ಐದಾರು ಮೀಟರು ಇಳಿಯುವಷ್ಟರಲ್ಲಿ ಕೆಂಪು ಮಾಯವಾಗತೊಡಗುತ್ತದೆ. ಆಮೇಲೆ ಕಿತ್ತಳೆ, ಅನಂತರ ಹಳದಿ. ಕೊನೆಗೆ ಉಳಿಯುವುದು ನೀಲಿ. ಆ ಆಳದಲ್ಲಿ ಕೈಗೆ ಗಾಯವಾದರೆ ರಕ್ತವೂ ಹಸಿರುಮಿಶ್ರಿತ ಕಪ್ಪಾಗಿ ಕಾಣುತ್ತದೆ. ಛಾಯಾಗ್ರಾಹಕನು ಕ್ಯಾಮೆರಾದೊಡನೆ ಬೆಳಕನ್ನೂ ಒಯ್ಯಬೇಕಾಗಿ ಬರುವುದು ಇದರಿಂದ. ದೀಪ ಮಿಂಚಿದ ಕ್ಷಣದಲ್ಲಿ ಬೂದುಬಣ್ಣದ ಬಂಡೆ ಕೆಂಪು ಹವಳವಾಗುತ್ತದೆ. ಅನೇಕರ ಪಾಲಿಗೆ ಜೀವಮಾನದ ಗೀಳು ಆರಂಭವಾಗುವುದು ಈ ಕ್ಷಣದಲ್ಲಿಯೇ. ಬರಿಗಣ್ಣಿಗೆ ಕಾಣದಿದ್ದ ಬಣ್ಣ ಚಿತ್ರದಲ್ಲಿ ಮೂಡಿದಾಗ, ಇನ್ನೂ ಏನೇನು ಅಡಗಿದೆಯೋ ಎಂಬ ಕುತೂಹಲ ಬಿಡುವುದಿಲ್ಲ. ನೀರಿನಲ್ಲಿ ತೇಲುವ ಕಣಗಳು ಬೆಳಕನ್ನು ಚೆದರಿಸುವುದರಿಂದ ದೂರದ ಚಿತ್ರಗಳು ಮಂಜು ಕವಿದಂತಾಗುತ್ತವೆ. ಒಂದು ಮೀಟರಿನೊಳಗೆ ಸಮೀಪಿಸಿ, ಮೀನು ಬೆದರದಂತೆ ಅಲುಗಾಡದೆ ಕಾಯಬೇಕು. ಆದ್ದರಿಂದ ಈ ಕಲೆಯ ಮೊದಲ ಪಾಠವೇ ತಾಳ್ಮೆ.

ಒತ್ತಡದ ಲೆಕ್ಕ

ನೆಲದ ಮೇಲೆ ನಮ್ಮ ದೇಹ ಒಂದು ವಾಯುಮಂಡಲದ ಒತ್ತಡವನ್ನು ಸಹಿಸುತ್ತಿರುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಅಷ್ಟೇ ಒತ್ತಡ ಹೆಚ್ಚುವರಿಯಾಗಿ ಸೇರುತ್ತದೆ. 20 ಮೀಟರು ಆಳದಲ್ಲಿ ಅದು ಮೂರು ಪಟ್ಟು. ದೇಹದ ಬಹುಭಾಗ ನೀರೇ ಆದುದರಿಂದ ಮಾಂಸ, ಮೂಳೆಗಳಿಗೆ ಇದರ ಅರಿವೇ ಆಗದು. ಆಗುವುದು ಗಾಳಿ ತುಂಬಿದ ಕಿವಿ, ಮೂಗಿನ ಸುತ್ತಣ ಕುಹರ, ಶ್ವಾಸಕೋಶಗಳಿಗೆ.

ಮೊದಲು ದೂರು ಕೊಡುವುದು ಕಿವಿ. ಎರಡು ಮೂರು ಮೀಟರು ಇಳಿಯುತ್ತಲೇ ಕಿವಿಯ ತಮಟೆ ಒಳಕ್ಕೆ ಒತ್ತಲ್ಪಟ್ಟು ನೋಯುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲನೆ ಊದಿದರೆ ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದು ಒತ್ತಡ ಸಮನಾಗುತ್ತದೆ. ನೋವು ಬರುವುದಕ್ಕೆ ಮುಂಚೆಯೇ, ಮತ್ತೆ ಮತ್ತೆ, ಹೀಗೆ ಮಾಡಬೇಕು. ನೆಗಡಿಯಿದ್ದಾಗ ಆ ನಾಳ ಊದಿಕೊಂಡು ಮುಚ್ಚಿರುತ್ತದೆ. ಆಗ ಹಟದಿಂದ ಇಳಿದರೆ ತಮಟೆ ಹರಿಯುವ ಸಂಭವವುಂಟು. ರಜೆ ಹಾಕಿ, ಟಿಕೆಟು ಕೊಂಡು, ದೂರದಿಂದ ಬಂದಿದ್ದೇವೆಂಬ ಕಾರಣಕ್ಕೆ ನೆಗಡಿಯನ್ನು ಲೆಕ್ಕಿಸದೆ ನೀರಿಗಿಳಿಯುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಬೆನ್ನಿನ ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕವೆಂಬ ತಿಳಿವಳಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಅದರಲ್ಲಿ ಇರುವುದು ನಾವೆಲ್ಲ ಉಸಿರಾಡುವ ಗಾಳಿಯೇ, ಸೋಸಿ ಒತ್ತಿ ತುಂಬಿದ್ದು. ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿದರೆ ಅದೇ ವಿಷವಾಗಿ ಸೆಳವು ತರಬಲ್ಲುದು. 12 ಲೀಟರಿನ ಸಿಲಿಂಡರಿಗೆ 200 ವಾಯುಮಂಡಲದ ಒತ್ತಡದಲ್ಲಿ ತುಂಬಿದರೆ ಸುಮಾರು 2400 ಲೀಟರು ಗಾಳಿ ಹಿಡಿಯುತ್ತದೆ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರು ಬಳಸುವವನಿಗೆ ಅದು ಎರಡು ಗಂಟೆ ಸಾಲಬಹುದು. 20 ಮೀಟರು ಆಳದಲ್ಲಿ ಮೂರು ಪಟ್ಟು ವೆಚ್ಚವಾಗುವುದರಿಂದ 40 ನಿಮಿಷ ಮಾತ್ರ. ಅದರಲ್ಲಿಯೂ ಮೇಲೇರಲು ಮತ್ತು ಆಪತ್ಕಾಲಕ್ಕೆಂದು ಒಂದು ಪಾಲನ್ನು ಮೀಸಲಿಡಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮ: ಉಸಿರು ಕಟ್ಟಬಾರದು. 10 ಮೀಟರು ಆಳದಲ್ಲಿ ಶ್ವಾಸಕೋಶ ತುಂಬಿಕೊಂಡ ಗಾಳಿ, ಮೇಲ್ಮೈಗೆ ಬರುವಷ್ಟರಲ್ಲಿ ಹಿಗ್ಗಿ ಎರಡರಷ್ಟಾಗುತ್ತದೆ. ಬಾಯಿ ಮುಚ್ಚಿ ಮೇಲೇರಿದರೆ ಶ್ವಾಸಕೋಶದ ಅಂಗಾಂಶ ಹರಿದು ಗಾಳಿ ರಕ್ತಕ್ಕೆ ನುಗ್ಗಿ ಮಿದುಳನ್ನು ಸೇರಬಹುದು. ಈಜುಕೊಳದಷ್ಟು ಆಳದಲ್ಲಿಯೂ ಇದು ಸಂಭವಿಸಬಲ್ಲುದು. ಛಾಯಾಗ್ರಾಹಕನು ಇಲ್ಲಿ ವಿಶೇಷ ಎಚ್ಚರದಿಂದಿರಬೇಕು. ನೆಲದ ಮೇಲೆ ಕ್ಯಾಮೆರಾ ಅಲುಗದಿರಲೆಂದು ಉಸಿರು ಬಿಗಿಹಿಡಿಯುವುದು ಆತನ ಅಭ್ಯಾಸ. ಗುಳ್ಳೆಗಳಿಗೆ ಮೀನು ಬೆದರೀತೆಂದು ನೀರೊಳಗೂ ಹಾಗೆಯೇ ಮಾಡಬೇಕೆನಿಸುತ್ತದೆ. ಉಸಿರು ತುಂಬಿಕೊಂಡ ದೇಹ ತಾನಾಗಿಯೇ ಮೇಲೆ ತೇಲತೊಡಗುತ್ತದೆ. ಕಣ್ಣು ಕ್ಯಾಮೆರಾದಲ್ಲಿ ನೆಟ್ಟಿರುವವನಿಗೆ ತಾನು ಏರುತ್ತಿರುವುದು ತಿಳಿಯುವುದೇ ಇಲ್ಲ. ಇಳಿದ ಆಳ, ಉಳಿದ ಗಾಳಿ, ಜೊತೆಗಾರ ಇರುವ ಜಾಗ ಇವು ಮೂರನ್ನೂ ಕ್ಯಾಮೆರಾ ಮರೆಸಿಬಿಡುತ್ತದೆ. ಆದ್ದರಿಂದಲೇ ಅನುಭವಿಗಳು, ಮೊದಲು ಮುಳುಗುವುದನ್ನು ಚೆನ್ನಾಗಿ ಕಲಿತು, ಏರದೆ ಇಳಿಯದೆ ನೀರಿನಲ್ಲಿ ನಿಲ್ಲುವ ಹದ ಬಂದ ಮೇಲೆಯೇ ಕ್ಯಾಮೆರಾ ಹಿಡಿಯಬೇಕೆನ್ನುತ್ತಾರೆ. ಆ ಹದ ಬಾರದವನ ಕಾಲು ತಗುಲಿ ಮುರಿಯುವ ಹವಳ, ಹಲವು ವರ್ಷಗಳ ಬೆಳವಣಿಗೆ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಅದಕ್ಕಿದೆ.

ರಕ್ತದಲ್ಲಿ ಕರಗಿದ ಸಾರಜನಕ

ಗಾಳಿಯಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಸಾರಜನಕ. ಒತ್ತಡ ಹೆಚ್ಚಿದಂತೆ ಅದು ರಕ್ತದಲ್ಲಿ, ಕೊಬ್ಬಿನಲ್ಲಿ, ಅಂಗಾಂಶಗಳಲ್ಲಿ ಕರಗುತ್ತ ಹೋಗುತ್ತದೆ. ಮೆಲ್ಲನೆ ಮೇಲೆ ಬಂದರೆ ಅದು ಉಸಿರಿನೊಡನೆ ಹೊರಬೀಳುತ್ತದೆ. ಅವಸರದಿಂದ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆ ಏಳುವಂತೆ, ದೇಹದೊಳಗೇ ಗುಳ್ಳೆಗಳಾಗುತ್ತದೆ. ಕೀಲುನೋವು, ಚರ್ಮದ ತುರಿಕೆ, ಕೈಕಾಲು ಜುಮುಗುಡುವುದು, ತಲೆಸುತ್ತು, ತೀವ್ರವಾದಾಗ ಪಾರ್ಶ್ವವಾಯು ಕೂಡ ಇದರ ಲಕ್ಷಣಗಳು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ ಒತ್ತಿದ ಗಾಳಿಯ ಕೋಣೆಗಳಲ್ಲಿ ದುಡಿದ ಕಾರ್ಮಿಕರೂ, ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೂ 1870ರ ದಶಕದಲ್ಲಿ ಈ ರೋಗಕ್ಕೆ ತುತ್ತಾದರು.

ಇದಕ್ಕೆ ವೈಜ್ಞಾನಿಕ ಪರಿಹಾರ ತೋರಿಸಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಆಡುಗಳನ್ನು ಒತ್ತಡದ ಕೋಣೆಯಲ್ಲಿರಿಸಿ ಪರೀಕ್ಷಿಸಿ, ಹಂತಹಂತವಾಗಿ ಮೇಲೇರುವ ಕೋಷ್ಟಕವನ್ನು ಅವರೂ ಅವರ ಸಹೋದ್ಯೋಗಿಗಳೂ 1908ರಲ್ಲಿ ಪ್ರಕಟಿಸಿದರು. ಅವರ ಮಗನೇ ಪ್ರಸಿದ್ಧ ವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್. ಹದಿಮೂರರ ಬಾಲಕನಾಗಿದ್ದಾಗಲೇ ತಂದೆಯ ಪ್ರಯೋಗಕ್ಕಾಗಿ ಕಡಲಿಗಿಳಿದಿದ್ದ ಅವರು, ಮುಂದೆ ತಮ್ಮ ದೇಹವನ್ನೇ ಒತ್ತಡದ ಪರೀಕ್ಷೆಗಳಿಗೆ ಒಡ್ಡಿ ಕಿವಿಯ ತಮಟೆಗೆ ಹಾನಿ ಮಾಡಿಕೊಂಡರು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು. ಮುಳುಗುಗಾರರ ಪ್ರಾಣರಕ್ಷಣೆಗೆ ದುಡಿದ ಮನೆತನದ ಈ ವಿಜ್ಞಾನಿ, ಮರಣಾನಂತರವೂ ತೆಲುಗು ನಾಡಿನ ವೈದ್ಯ ವಿದ್ಯಾರ್ಥಿಗಳಿಗೆ ಪಾಠವಾದರು.

ಇಂದಿನ ರೂಢಿಯಲ್ಲಿ ನಿಮಿಷಕ್ಕೆ 9 ಅಥವಾ 10 ಮೀಟರಿಗಿಂತ ವೇಗವಾಗಿ ಏರಬಾರದು. 5 ಮೀಟರಿನಲ್ಲಿ ಮೂರು ನಿಮಿಷ ತಂಗಬೇಕು. ಮೊದಲ ಹಂತದ ತರಬೇತಿ ಪಡೆದವರಿಗೆ 18 ಮೀಟರಿನ ಮಿತಿ. ಹವ್ಯಾಸಿಗಳಿಗೆ ಹೆಚ್ಚೆಂದರೆ 40 ಮೀಟರು. 30 ಮೀಟರಿನಾಚೆ ಸಾರಜನಕವು ಮದ್ಯದಂತೆ ಬುದ್ಧಿಯನ್ನು ಮಂಕುಗೊಳಿಸತೊಡಗುತ್ತದೆ.

ಮನೆಗೆ ಮರಳುವ ದಾರಿ

ಹೈದರಾಬಾದಿನವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇಲ್ಲಿದೆ. ನೀರಿನಿಂದ ಮೇಲೆ ಬಂದ ಮಾತ್ರಕ್ಕೆ ಸಾರಜನಕವೆಲ್ಲ ದೇಹದಿಂದ ಹೊರಟುಹೋಗಿರುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನದಕ್ಕಿಂತ ಕಡಿಮೆ. ಉಳಿದ ಸಾರಜನಕ ಅಲ್ಲಿ ಗುಳ್ಳೆಯಾಗಬಹುದು. ಗೋವಾದಲ್ಲಿ ಬೆಳಗ್ಗೆ ಮುಳುಗಿ, ಮಧ್ಯಾಹ್ನದ ವಿಮಾನ ಹಿಡಿದು, ಶಂಷಾಬಾದಿನಲ್ಲಿ ಇಳಿದು, ಪಿ. ವಿ. ನರಸಿಂಹರಾವ್ ಮೇಲ್ಸೇತುವೆಯ ಮೂಲಕ ಸಂಜೆಯ ಕಾಫಿಗೆ ಮೆಹದಿಪಟ್ಟಣಂ ಸೇರುವುದು ಈಗ ಸುಲಭ. ಆ ಸುಲಭದಲ್ಲಿಯೇ ಅಪಾಯವಿದೆ. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದ್ದರೆ ಕನಿಷ್ಠ 18 ಗಂಟೆ ವಿಮಾನವೇರಬಾರದು. ಪೂರ್ತಿ ಒಂದು ದಿನ ಬಿಡುವುದು ಇನ್ನೂ ಲೇಸು.

ಘಟ್ಟದ ರಸ್ತೆಗೂ ಈ ಮಾತು ಅನ್ವಯಿಸುತ್ತದೆ. ಮುರುಡೇಶ್ವರದಿಂದ ಘಟ್ಟ ಹತ್ತಿ ಹುಬ್ಬಳ್ಳಿಯ ದಾರಿ ಹಿಡಿದರೆ ಕೆಲವೇ ಗಂಟೆಗಳಲ್ಲಿ 600 ಮೀಟರಿಗೂ ಎತ್ತರ ತಲುಪಿರುತ್ತೇವೆ. ಮುಳುಗಿದ ರಾತ್ರಿ ಕರಾವಳಿಯಲ್ಲಿಯೇ ತಂಗಿ, ದೇವರ ದರ್ಶನ ಮಾಡಿಕೊಂಡು, ಮರುದಿನ ಹೊರಡುವುದು ಆರೋಗ್ಯಕ್ಕೂ ಹಿತ, ಮನಸ್ಸಿಗೂ ಹಿತ.

ಊರಿಗೆ ಬಂದ ಮೇಲೆ ಕೀಲುನೋವೋ ಜುಮುಗುಡುವಿಕೆಯೋ ಕಂಡರೆ, ಪ್ರಯಾಣದ ಆಯಾಸವೆಂದೋ ವಾಯುಪ್ರಕೋಪವೆಂದೋ ಬಾಮು ಹಚ್ಚಿಕೊಂಡು ಮಲಗಬಾರದು. ಕಡಲಿನಿಂದ ದೂರದ ಈ ನಗರದಲ್ಲಿ ವೈದ್ಯರಿಗೆ ತಟ್ಟನೆ ಈ ರೋಗದ ನೆನಪಾಗದಿರಬಹುದು. ಆದ್ದರಿಂದ, ‘ನಿನ್ನೆ ಸಮುದ್ರದಲ್ಲಿ ಮುಳುಗಿದ್ದೆ’ ಎಂಬುದು ರೋಗಿ ಹೇಳಬೇಕಾದ ಮೊದಲ ಮಾತು. ಶುದ್ಧ ಆಮ್ಲಜನಕ ನೀಡುವುದು ಪ್ರಥಮ ಚಿಕಿತ್ಸೆ; ಒತ್ತಡದ ಕೋಣೆಯಲ್ಲಿರಿಸುವುದು ಮುಖ್ಯ ಚಿಕಿತ್ಸೆ. ತಡವಾದಷ್ಟೂ ಗುಣವಾಗುವುದು ಕಷ್ಟ.

ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು

ಅಪಸ್ಮಾರ, ಹೃದಯದ ಕಾಯಿಲೆ, ಹಿಂದೆ ಶ್ವಾಸಕೋಶದಿಂದ ಗಾಳಿ ಸೋರಿದ್ದು, ಹರಿದ ಕಿವಿಯ ತಮಟೆ ಇಂಥ ತೊಂದರೆಯುಳ್ಳವರೂ ಗರ್ಭಿಣಿಯರೂ ಮುಳುಗಬಾರದು. ಉಬ್ಬಸವಿರುವವರು, ಮಧುಮೇಹ ಅಥವಾ ರಕ್ತದೊತ್ತಡಕ್ಕೆ ಔಷಧ ಸೇವಿಸುವವರು, ಕಣ್ಣಿನ ಪೊರೆ ತೆಗೆಸಿಕೊಂಡವರು ತಮ್ಮ ವೈದ್ಯರ ಸ್ಪಷ್ಟ ಅನುಮತಿ ಪಡೆಯಬೇಕು. 45 ವರ್ಷ ದಾಟಿದವರು ಹೃದಯ ತಪಾಸಣೆ ಮಾಡಿಸಿಕೊಳ್ಳುವುದು ವಿವೇಕ. ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿದಾಗ ಕೈಕಾಲುಗಳ ರಕ್ತ ಎದೆಯ ಕಡೆಗೆ ಸರಿದು ಹೃದಯದ ಹೊರೆ ಹೆಚ್ಚುತ್ತದೆ. ಮುಳುಗುಗಾರರ ಮರಣಗಳಲ್ಲಿ ಗಣನೀಯ ಪಾಲು ಹೃದಯಕ್ಕೆ ಸಂಬಂಧಿಸಿದ್ದು. ತರಬೇತಿಗೆ ಮುಂಚೆ ತುಂಬಿಸಲು ಕೊಡುವ ಆರೋಗ್ಯದ ನಮೂನೆಯಲ್ಲಿ ಕಾಯಿಲೆಯನ್ನು ಮುಚ್ಚಿಡುವವರುಂಟು. ಅದು ತನಗೆ ತಾನೇ ಮಾಡಿಕೊಳ್ಳುವ ವಂಚನೆ.

ಉಳಿದವರಿಗೆ ವಯಸ್ಸು ಅಡ್ಡಿಯಲ್ಲ. ಬಡಾವಣೆಯ ಈಜುಕೊಳದಲ್ಲಿ ನಿಲ್ಲದೆ 200 ಮೀಟರು ಈಜಲು, ಹತ್ತು ನಿಮಿಷ ತೇಲಲು ಅಭ್ಯಾಸ ಮಾಡಿಕೊಂಡರೆ ಮೊದಲ ಸಿದ್ಧತೆ ಆದಂತೆ. ಧೂಮಪಾನ ಬಿಡಬೇಕು, ಮುಳುಗುವ ಮುನ್ನಾ ರಾತ್ರಿ ಮದ್ಯ ಸಲ್ಲದು, ನೀರು ಸಾಕಷ್ಟು ಕುಡಿಯಬೇಕು. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಕಡಲು ಮುಳುಗಲು ಯೋಗ್ಯವಲ್ಲ. ಅದು ತಿಳಿಯಾಗುವವರೆಗೆ ಕಾಯಬೇಕು.

ಲೋಥಲಿನ ಮಣ್ಣಿನಿಂದ ದ್ವಾರಕೆಯ ನೀರಿಗೆ ಹೊರಳಿದ ಹಿರಿಯ ಕನ್ನಡಿಗರ ಬಾಳು, ಹೊಸ ಆಸಕ್ತಿಗೆ ತಡವೆಂಬುದಿಲ್ಲವೆಂದು ತೋರಿಸುತ್ತದೆ. ಆದರೆ ಆಸಕ್ತಿ ಜೀವಮಾನದ್ದಾಗಬೇಕಾದರೆ ಜೀವ ಉಳಿದಿರಬೇಕಷ್ಟೆ. ಚೆಲುವಾದ ಮೀನು ಇನ್ನೂ ಎರಡು ಮೀಟರು ಕೆಳಗೆ ಕರೆಯುತ್ತಿರುವಾಗ ಗಾಳಿಯ ಮಾಪಕವನ್ನು ನೋಡಿ, ಚಿತ್ರವನ್ನು ಬಿಟ್ಟು ಮೆಲ್ಲನೆ ಮೇಲೆ ಬರಬಲ್ಲವನು ಮುಂದಿನ ವರ್ಷವೂ ಆ ಕಡಲಿಗೆ ಹೋಗುತ್ತಾನೆ. ಮೆಹದಿಪಟ್ಟಣಂನ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ನೇತ್ರಾಣಿಯ ಕೆಂಪು ಹವಳದ ಚಿತ್ರವನ್ನು ತೋರಿಸುವ ಭಾಗ್ಯವೂ ಅವನದಾಗುತ್ತದೆ.